ಪಾಸ್‌ವರ್ಡ್ ಮ್ಯಾನೇಜರ್ ಯಾವುದು ಒಳ್ಳೆಯದು? ಊರು ಬಿಟ್ಟು ಅಂಬತ್ತೂರಿಗೆ ಬಂದವರು ಆಯ್ಕೆಗೆ ಮುನ್ನ ನೋಡಬೇಕಾದ್ದೇನು?

ಚೆನ್ನೈ: ಬೆಳಗ್ಗೆ 10 ಗಂಟೆಗೆ ಎಸಿ ಬೋಗಿಗಳ ತತ್ಕಾಲ್ ಬುಕಿಂಗ್ ಶುರುವಾಗುತ್ತದೆ. ಅಂಬತ್ತೂರಿನ ಐಟಿ ಪಾರ್ಕ್‌ನಲ್ಲಿ ಕೆಲಸ ಮಾಡುವ ಒಬ್ಬರು ಮರುದಿನ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಐಆರ್‌ಸಿಟಿಸಿ ತೆರೆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಎರಡನೇ ಸಲವೂ ತಪ್ಪು. 'ಪಾಸ್‌ವರ್ಡ್ ಮರೆತಿರಾ' ಒತ್ತಿದರೆ ಒಟಿಪಿ ಹೋಗುವುದು ಊರಿನಲ್ಲಿದ್ದಾಗ ಬಳಸುತ್ತಿದ್ದ ಹಳೆಯ ನಂಬರಿಗೆ. ಆ ಸಿಮ್ ಪರ್ಸಿನ ಮೂಲೆಯಲ್ಲೋ ಊರಿನ ಮನೆಯ ಡ್ರಾಯರ್‌ನಲ್ಲೋ ಇದೆ. 10 ಗಂಟೆ 4 ನಿಮಿಷಕ್ಕೆ ಸೀಟು ಖಾಲಿ.

ರೈಲು ತಪ್ಪಿದರೆ ಬಸ್ಸಿದೆ. ಆದರೆ ಇದೇ ಮರೆವು ಪಿಎಫ್ ಖಾತೆಗೋ, ಆದಾಯ ತೆರಿಗೆ ಪೋರ್ಟಲ್‌ಗೋ, ಎಲ್ಲ ಖಾತೆಗಳ ತಾಯಿಬೇರಾದ ಇಮೇಲ್‌ಗೋ ಬಂದರೆ ಸಮಸ್ಯೆ ಒಂದು ಬೆಳಗ್ಗೆಗೆ ಮುಗಿಯುವುದಿಲ್ಲ. ಬೇರೆ ರಾಜ್ಯಕ್ಕೆ ಕೆಲಸಕ್ಕೆ ಬಂದವರಿಗೆ ಖಾತೆಗಳೂ ಎರಡು ಸಂಸಾರದಷ್ಟು. ಇಲ್ಲಿನ ಕರೆಂಟ್ ಬಿಲ್, ಅಲ್ಲಿನ ಬೆಸ್ಕಾಂ ಅಥವಾ ಸೆಸ್ಕ್ ಬಿಲ್. ಇಲ್ಲಿನ ಸಂಬಳದ ಖಾತೆ, ಅಲ್ಲಿ ಅಪ್ಪನ ಜೊತೆಗಿನ ಜಂಟಿ ಖಾತೆ. ಅಮ್ಮನ ಗ್ಯಾಸ್ ಬುಕಿಂಗ್, ಅಣ್ಣನ ಮಗಳ ಪ್ರವೇಶ ಪರೀಕ್ಷೆಯ ಲಾಗಿನ್. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಒಬ್ಬರೇ ಆದರೆ ಎಲ್ಲವೂ ಅವರ ತಲೆಯಲ್ಲೇ ಇರಬೇಕು. ತಲೆಗೆ ಅಷ್ಟು ಜಾಗವಿಲ್ಲದ್ದರಿಂದ ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಕೂರುತ್ತದೆ. ಹೆಸರಿನ ಮೊದಲ ನಾಲ್ಕಕ್ಷರ, ಆಟ್ ಚಿಹ್ನೆ, ಹುಟ್ಟಿದ ವರ್ಷ. ಈ ಸೂತ್ರ ಎಷ್ಟು ಸಾಮಾನ್ಯವೆಂದರೆ ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಕೂಡ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷವೇ. ಆಧಾರ್ ಪ್ರತಿ ನೋಡಿದ ಯಾರಿಗಾದರೂ ಅದು ಗೊತ್ತು.

ಇದಕ್ಕೆ ಪರಿಹಾರವೆಂದು ಹೇಳುವುದು ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್. ಎಲ್ಲ ಪಾಸ್‌ವರ್ಡ್‌ಗಳನ್ನು ಒಂದು ಡಿಜಿಟಲ್ ತಿಜೋರಿಯಲ್ಲಿಟ್ಟು, ಅದನ್ನು ತೆರೆಯಲು ಒಂದೇ ಮಾಸ್ಟರ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು. ಕೇಳಿದ ಕೂಡಲೇ ಯಾರಿಗೂ ಬರುವ ಪ್ರಶ್ನೆ: ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕಳ್ಳನಿಗೆ ಕೆಲಸ ಸುಲಭವಲ್ಲವೇ?

ಒಂದೇ ಕೀಲಿ ಎಲ್ಲ ಬೀಗಕ್ಕೆ

ಪ್ರಶ್ನೆ ಸರಿಯಾದದ್ದೇ. ಆದರೆ ಈಗ ಹೆಚ್ಚಿನವರು ಮಾಡುತ್ತಿರುವುದು ಅದಕ್ಕಿಂತ ಅಪಾಯದ ಕೆಲಸ. ಒಂದೇ ಪಾಸ್‌ವರ್ಡನ್ನು ಬ್ಯಾಂಕಿಗೂ ಶಾಪಿಂಗ್ ಸೈಟಿಗೂ ಇಟ್ಟರೆ, ನಿಮ್ಮ ಬ್ಯಾಂಕಿನ ಭದ್ರತೆ ಆ ಶಾಪಿಂಗ್ ಸೈಟಿನಷ್ಟೇ. ಅಲ್ಲಿಂದ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ನೂರಾರು ಬೇರೆ ಸೈಟುಗಳಲ್ಲಿ ತಂತ್ರಾಂಶವೇ ತಾನಾಗಿ ಹಾಕಿ ನೋಡುತ್ತದೆ. ನಿಮ್ಮನ್ನು ಯಾರೂ ಪ್ರತ್ಯೇಕವಾಗಿ ಗುರಿ ಮಾಡಬೇಕಾಗಿಯೇ ಇಲ್ಲ.

2025ರ ಜೂನ್‌ನಲ್ಲಿ 1,600 ಕೋಟಿ ಲಾಗಿನ್ ವಿವರಗಳು ಸೋರಿವೆ ಎಂಬ ಸುದ್ದಿ ಎಲ್ಲೆಡೆ ಹರಿದಾಡಿತ್ತು. ಅದು ಒಂದೇ ಕಂಪನಿಯಿಂದ ಕದ್ದದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬಹುಪಾಲು ಜನರ ಕಂಪ್ಯೂಟರ್‌ಗಳಿಗೆ ಹೊಕ್ಕ ಮಾಹಿತಿ ಕಳ್ಳ ತಂತ್ರಾಂಶಗಳು ಬಾಚಿದ್ದನ್ನು ಒಟ್ಟು ಸೇರಿಸಿದ ಪಟ್ಟಿಗಳು. ಅದರಲ್ಲಿ ಪುನರಾವರ್ತನೆಯೂ ಇತ್ತು. ಆದರೂ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಪಾಸ್‌ವರ್ಡ್ ಬದಲಿಸುವಂತೆ ಸೂಚನೆ ಹೊರಡಿಸಿತು. ನಿಮ್ಮ ಇಮೇಲ್ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ನೋಡಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣವಿದೆ. ಇಮೇಲ್ ವಿಳಾಸ ಹಾಕಿದರೆ ಸಾಕು, ಹಣ ಕೇಳುವುದಿಲ್ಲ. ಹತ್ತು ವರ್ಷ ಹಳೆಯ ಜಿಮೇಲ್ ಇದ್ದವರಿಗೆ ಫಲಿತಾಂಶ ಸಾಮಾನ್ಯವಾಗಿ ಖುಷಿ ಕೊಡುವುದಿಲ್ಲ.

ತಿಜೋರಿ ಎಲ್ಲಿದೆ, ಕೀಲಿ ಯಾರ ಬಳಿ ಇದೆ?

1964ರಲ್ಲಿ ಸ್ಥಾಪನೆಯಾದ ಕೈಗಾರಿಕಾ ಎಸ್ಟೇಟ್‌ಗೆ ಅಂಬತ್ತೂರು ಹೆಸರುವಾಸಿ. ಲೇತ್ ಯಂತ್ರಗಳ ಸದ್ದಿನ ನಡುವೆ ಇತ್ತೀಚಿನ ವರ್ಷಗಳಲ್ಲಿ ಕಿಟಕಿಯೇ ಕಾಣದ ದೊಡ್ಡ ಕಟ್ಟಡಗಳು ಎದ್ದಿವೆ. ಅವು ಡೇಟಾ ಸೆಂಟರ್‌ಗಳು. ಜಪಾನಿನ ಎನ್‌ಟಿಟಿ 2023ರಲ್ಲಿ ಇಲ್ಲಿ ತನ್ನ ಎರಡನೇ ಚೆನ್ನೈ ಕ್ಯಾಂಪಸ್ ತೆರೆಯಿತು. ಜನ 'ಕ್ಲೌಡ್' ಎನ್ನುವುದು ಕೊನೆಗೆ ಇಂಥ ಕಟ್ಟಡದೊಳಗಿನ ಕಂಪ್ಯೂಟರ್‌ಗಳನ್ನೇ. ಕ್ಲೌಡ್ ಆಧಾರಿತ ಪಾಸ್‌ವರ್ಡ್ ಮ್ಯಾನೇಜರ್ ಬಳಸಿದರೆ ನಿಮ್ಮ ತಿಜೋರಿಯ ಪ್ರತಿ ಎಲ್ಲೋ ಒಂದು ದೇಶದ ಇಂಥದ್ದೇ ಕಟ್ಟಡದಲ್ಲಿ ಇರುತ್ತದೆ.

ಅದರ ಗೋಡೆ ಎಷ್ಟು ದಪ್ಪ ಎಂಬುದಕ್ಕಿಂತ ಮುಖ್ಯ ಪ್ರಶ್ನೆ ಬೇರೆ: ಅಲ್ಲಿರುವವರು ನಿಮ್ಮ ತಿಜೋರಿಯನ್ನು ತೆರೆಯಬಲ್ಲರೇ? ಒಳ್ಳೆಯ ಮ್ಯಾನೇಜರ್‌ನಲ್ಲಿ ಉತ್ತರ 'ಇಲ್ಲ' ಎಂದಿರಬೇಕು. ನೀವು ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡಿದಾಗ ನಿಮ್ಮ ಫೋನಿನಲ್ಲೇ ಲಕ್ಷಗಟ್ಟಲೆ ಸುತ್ತು ಲೆಕ್ಕ ನಡೆದು ಒಂದು ಕೀಲಿ ತಯಾರಾಗುತ್ತದೆ. ಆ ಕೀಲಿಯಿಂದ ಪಾಸ್‌ವರ್ಡ್‌ಗಳು ಗುಪ್ತಲಿಪಿಯಾಗಿ ಬದಲಾದ ಮೇಲಷ್ಟೇ ಸರ್ವರ್‌ಗೆ ಹೋಗುತ್ತವೆ. ಕಂಪನಿಯ ಬಳಿ ಇರುವುದು ಅರ್ಥವಾಗದ ಅಕ್ಷರಗಳ ರಾಶಿ. ಇದಕ್ಕೊಂದು ಸರಳ ಪರೀಕ್ಷೆ ಇದೆ. 'ಮಾಸ್ಟರ್ ಪಾಸ್‌ವರ್ಡ್ ಮರೆತರೆ ಏನು ಗತಿ' ಎಂದು ಕಂಪನಿಯ ಸಹಾಯ ಪುಟದಲ್ಲಿ ಹುಡುಕಿ. 'ನಮ್ಮಿಂದ ಏನೂ ಮಾಡಲಾಗದು, ನೀವು ಮೊದಲೇ ವ್ಯವಸ್ಥೆ ಮಾಡಿಕೊಂಡಿರಬೇಕು' ಎಂದಿದ್ದರೆ ಅದು ಕೆಟ್ಟ ಗ್ರಾಹಕ ಸೇವೆಯಲ್ಲ, ಒಳ್ಳೆಯ ಲಕ್ಷಣ.

ಲಾಸ್ಟ್‌ಪಾಸ್‌ನಲ್ಲಿ ಆಗಿದ್ದೇನು?

ಈ ವ್ಯವಸ್ಥೆ ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಜಗತ್ತು ಕಂಡದ್ದು 2022ರಲ್ಲಿ. ಕೋಟ್ಯಂತರ ಗ್ರಾಹಕರಿದ್ದ ಅಮೆರಿಕದ ಲಾಸ್ಟ್‌ಪಾಸ್ ಆ ವರ್ಷ ಆಗಸ್ಟ್‌ನಲ್ಲಿ ತನ್ನ ಜಾಲಕ್ಕೆ ನುಸುಳುಕೋರರು ಬಂದಿದ್ದಾರೆ ಎಂದಿತು. ಡಿಸೆಂಬರ್ 22ರಂದು ಪೂರ್ತಿ ವಿಷಯ ಹೇಳಿತು: ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿಯೇ ಕಳವಾಗಿದೆ. ಮರುವರ್ಷ ಬಂದ ವಿವರ ಇನ್ನೂ ವಿಚಿತ್ರ. ಕಂಪನಿಯ ಒಬ್ಬ ಹಿರಿಯ ಎಂಜಿನಿಯರ್‌ನ ಮನೆಯ ಕಂಪ್ಯೂಟರ್‌ನಲ್ಲಿ ಸಿನಿಮಾ, ಹಾಡು ನೋಡಲು ಹಾಕಿಕೊಂಡಿದ್ದ ಹಳೆಯ ತಂತ್ರಾಂಶದ ಲೋಪದ ಮೂಲಕ ಒಳಬಂದವರು, ಆತ ಕೀಬೋರ್ಡ್‌ನಲ್ಲಿ ಒತ್ತಿದ ಮಾಸ್ಟರ್ ಪಾಸ್‌ವರ್ಡನ್ನೇ ದಾಖಲಿಸಿಕೊಂಡಿದ್ದರು.

ಕದ್ದ ತಿಜೋರಿಗಳಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್, ಟಿಪ್ಪಣಿಗಳು ಗುಪ್ತಲಿಪಿಯಲ್ಲೇ ಇದ್ದವು. ಆದರೆ ಯಾವ ಯಾವ ವೆಬ್‌ಸೈಟ್ ಎಂಬ ವಿಳಾಸಗಳು ಬಟಾಬಯಲಾಗಿದ್ದವು. ಅಂದರೆ ಯಾರ ತಿಜೋರಿಯಲ್ಲಿ ಯಾವ ಬ್ಯಾಂಕಿನ ಖಾತೆಯಿದೆ ಎಂದು ತೆರೆಯದೆಯೇ ಗೊತ್ತಾಗುತ್ತಿತ್ತು. ಎರಡನೆಯ ಲೋಪ ಸುತ್ತುಗಳ ಲೆಕ್ಕದ್ದು. ಕಂಪನಿ 2018ರಿಂದ 1,00,100 ಸುತ್ತುಗಳ ಮಟ್ಟ ಇಟ್ಟಿತ್ತು. ಹಳೆಯ ಗ್ರಾಹಕರಲ್ಲಿ ಹಲವರ ಖಾತೆ ಮಾತ್ರ 5,000ದಲ್ಲೇ, ಕೆಲವರದು ಅದಕ್ಕಿಂತ ಕೆಳಗೇ ಉಳಿದಿತ್ತು. ಇದೇ ವಿಧಾನಕ್ಕೆ ಇಂದು ಭದ್ರತಾ ತಜ್ಞರ ಒಡಂಬಡಿಕೆ ಸಂಸ್ಥೆ ಓವಾಸ್ಪ್ ಹೇಳುವುದು ಕನಿಷ್ಠ 6,00,000. ಊಹೆಯ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುವ ಕಳ್ಳನಿಗೆ 5,000 ಸುತ್ತಿನ ತಿಜೋರಿ 6,00,000 ಸುತ್ತಿನದಕ್ಕಿಂತ 120 ಪಟ್ಟು ಸುಲಭ.

ಇದರಿಂದ ಮ್ಯಾನೇಜರ್‌ಗಳೇ ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ತಿಜೋರಿಯೇ ಕಳ್ಳನ ಮನೆ ಸೇರಿದರೂ ಉದ್ದನೆಯ ಮಾಸ್ಟರ್ ಪಾಸ್‌ವರ್ಡ್ ಇಟ್ಟವರ ಗುಟ್ಟು ಹೊರಬರುವುದು ಬಹಳ ಕಷ್ಟ. ಚಿಕ್ಕದು ಇಟ್ಟವರಿಗೆ, ಬೇರೆಡೆ ಬಳಸಿದ್ದನ್ನೇ ಇಟ್ಟವರಿಗೆ ಮಾತ್ರ ನಿದ್ದೆಗೆಡುವ ಕಾರಣವಿತ್ತು. ಹಾಗಾಗಿ ಯಾವ ಆ್ಯಪ್ ಎಂಬ ಚರ್ಚೆಗೆ ಮೊದಲು ಆ ಒಂದು ಪಾಸ್‌ವರ್ಡ್‌ನ ವಿಷಯ ಮುಗಿಸಬೇಕು.

ಕನ್ನಡ ನಿಘಂಟು ಸಾಕು

ಮಾಸ್ಟರ್ ಪಾಸ್‌ವರ್ಡ್‌ಗೆ ಡಾಲರ್, ಹ್ಯಾಶ್ ಚಿಹ್ನೆ ತುರುಕುವುದಕ್ಕಿಂತ ಉದ್ದ ಮುಖ್ಯ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2025ರಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿಯೂ ಪಾಸ್‌ವರ್ಡ್ ಒಂದನ್ನೇ ನಂಬಿರುವ ಕಡೆ ಕನಿಷ್ಠ 15 ಅಕ್ಷರ ಕೇಳುತ್ತದೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಕಡ್ಡಾಯ ಮಾಡಬೇಡಿ, ಸುಮ್ಮಸುಮ್ಮನೆ ಆಗಾಗ ಬದಲಿಸಲು ಹೇಳಬೇಡಿ ಎನ್ನುತ್ತದೆ. ನಮ್ಮ ಬ್ಯಾಂಕುಗಳಿಗೆ ಈ ಮಾತು ಇನ್ನೂ ತಲುಪಿದಂತಿಲ್ಲ.

ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಪರಿಚಯಿಸಿದ 'ಡೈಸ್‌ವೇರ್' ಎಂಬ ವಿಧಾನವಿದೆ. 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಪದ ಆರಿಸುವುದು. ಐದು ಪದ ಆರಿಸಿದರೆ ಸಾಧ್ಯವಿರುವ ಜೋಡಣೆಗಳು ಸುಮಾರು 28ರ ಮುಂದೆ 18 ಸೊನ್ನೆ ಇಟ್ಟಷ್ಟು. ಇದನ್ನು ಕನ್ನಡದಲ್ಲೂ ಮಾಡಬಹುದು. ದಪ್ಪನೆಯ ನಿಘಂಟನ್ನು ಕಣ್ಣು ಮುಚ್ಚಿ ಐದು ಸಲ ತೆರೆದು ಬೆರಳಿಟ್ಟಲ್ಲಿ ಸಿಕ್ಕ ಪದ ಬರೆದುಕೊಳ್ಳಿ. ನೇಗಿಲು, ಪಾಯಸ, ಗಡಿಯಾರ, ಮೊಸಳೆ, ಸುಣ್ಣ ಎಂದು ಬಂತೆನ್ನಿ. ಮೊಸಳೆ ಪಾಯಸ ತಿನ್ನುವ ಚಿತ್ರ ಮನಸ್ಸಿನಲ್ಲಿ ಕೂತರೆ ಮರೆಯುವುದು ಕಷ್ಟ. (ಇಲ್ಲಿ ಬರೆದ ಐದನ್ನೇ ಇಟ್ಟುಕೊಳ್ಳಬೇಡಿ.) ಪದಗಳನ್ನು ನೀವೇ 'ಯೋಚಿಸಿ' ಆರಿಸಬಾರದು. ಮನುಷ್ಯ ಯೋಚಿಸಿದರೆ ಮಗಳ ಹೆಸರು, ಮನೆದೇವರು, ಸಿನಿಮಾ ಹಾಡು, ಗಾದೆ ಬರುತ್ತವೆ. ಕಳ್ಳರ ಪಟ್ಟಿಯಲ್ಲೂ ಅವೇ ಇರುತ್ತವೆ.

ಕನ್ನಡದವರಿಗೆ ಎರಡು ತೊಡಕುಗಳಿವೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಗಡಿಯಾರ' ಬರೆಯುವಾಗ 'ಯಾ'ಕ್ಕೆ ಒಂದು 'ಎ' ಹಾಕುತ್ತೀರೋ ಎರಡೋ? ಮೊಸಳೆಯ 'ಳ'ಕ್ಕೆ ಚಿಕ್ಕ 'ಎಲ್' ಹಾಕುತ್ತೀರೋ ದೊಡ್ಡದೋ? ಆರು ತಿಂಗಳ ಮೇಲೆ ಬೇರೆ ರೀತಿ ಬರೆದರೆ ತಿಜೋರಿ ತೆರೆಯದು. ಒಂದೇ ಕ್ರಮ ಇಟ್ಟುಕೊಂಡು ಮೊದಲ ಎರಡು ವಾರ ದಿನಕ್ಕೊಮ್ಮೆ ಟೈಪ್ ಮಾಡಿ. ಕನ್ನಡ ಲಿಪಿಯಲ್ಲೇ ಇಡೋಣ ಎಂದರೆ ಇನ್ನೊಂದು ತೊಂದರೆ. ಬೇರೊಂದು ಕಂಪ್ಯೂಟರ್‌ನಲ್ಲಿ ಕನ್ನಡ ಕೀಬೋರ್ಡ್ ಇರದಿರಬಹುದು. ಅಲ್ಲದೆ 'ಕೋ' ಎಂಬ ಅಕ್ಷರ ಕಣ್ಣಿಗೆ ಒಂದೇ ರೀತಿ ಕಂಡರೂ ಯೂನಿಕೋಡ್‌ನಲ್ಲಿ ಅದನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಎನಿಸುವ ಸಾಧ್ಯತೆ ಇದೆ. ಲಿಪಿ ಪ್ರೀತಿಯನ್ನು ಈ ಒಂದು ಜಾಗದಲ್ಲಿ ಬದಿಗಿಡುವುದೇ ಒಳ್ಳೆಯದು.

ಹಾಗಾದರೆ ಯಾವುದನ್ನು ಆರಿಸಬೇಕು?

ಆಂಡ್ರಾಯ್ಡ್ ಫೋನ್ ಮತ್ತು ಕ್ರೋಮ್ ಬಿಟ್ಟರೆ ಬೇರೇನೂ ಬಳಸದವರ ಬಳಿ ಈಗಾಗಲೇ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಇದೆ. 'ಸೇವ್ ಮಾಡಲೇ' ಎಂದು ಕ್ರೋಮ್ ಕೇಳುತ್ತದಲ್ಲ, ಅದೇ. ತಜ್ಞರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಆದರೆ ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಬಳಸುವವರಿಗೆ ಇದು ದೊಡ್ಡ ಹೆಜ್ಜೆಯೇ. ಇದರ ದುರ್ಬಲ ಜಾಗ ಫೋನಿನ ಸ್ಕ್ರೀನ್ ಲಾಕ್. ಫೋನಿನ ನಾಲ್ಕಂಕಿ ಪಿನ್ ಗೊತ್ತಿದ್ದವರಿಗೆ ಪಾಸ್‌ವರ್ಡ್‌ಗಳೂ ತೆರೆದುಕೊಳ್ಳುತ್ತವೆ. ಮನೆಯ ಮಕ್ಕಳಿಗೆ ಆ ಪಿನ್ ಗೊತ್ತಿಲ್ಲದ ಮನೆ ಅಪರೂಪ. ಪಿನ್ ಉದ್ದ ಮಾಡಿ, ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿದರೆ ಸಾಕಷ್ಟು ಕೆಲಸ ಮುಗಿಯಿತು. ಐಫೋನ್, ಮ್ಯಾಕ್ ಎರಡನ್ನೂ ಬಳಸುವವರಿಗೆ 2024ರ ಸೆಪ್ಟೆಂಬರ್‌ನಿಂದ ಆ್ಯಪಲ್‌ನ 'ಪಾಸ್‌ವರ್ಡ್ಸ್' ಆ್ಯಪ್ ಪ್ರತ್ಯೇಕವಾಗಿಯೇ ಇದೆ.

ಫೋನ್ ಒಂದು ಕಂಪನಿಯದು, ಲ್ಯಾಪ್‌ಟಾಪ್ ಇನ್ನೊಂದು, ಬ್ರೌಸರ್ ಮತ್ತೊಂದು ಎನ್ನುವವರಿಗೆ ಬಿಟ್‌ವಾರ್ಡನ್ ಮೊದಲ ಆಯ್ಕೆಯಾಗಬಲ್ಲದು. 2016ರಲ್ಲಿ ಬಂದ ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಉಚಿತ ಯೋಜನೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ, ಎಷ್ಟು ಸಾಧನದಲ್ಲಿ ಬೇಕಾದರೂ ಇಡಬಹುದು. 2023ರಲ್ಲಿ ಬಂದ ಸ್ವಿಟ್ಜರ್ಲೆಂಡ್‌ನ ಪ್ರೋಟಾನ್ ಪಾಸ್ ಉಚಿತ ಯೋಜನೆಯೂ ಹೆಚ್ಚುಕಡಿಮೆ ಇಷ್ಟೇ ಉದಾರ. ಕೆನಡಾದ 1ಪಾಸ್‌ವರ್ಡ್‌ನಲ್ಲಿ ಉಚಿತ ಯೋಜನೆಯೇ ಇಲ್ಲ. ಆದರೆ ಅದರಲ್ಲಿ ಮಾಸ್ಟರ್ ಪಾಸ್‌ವರ್ಡ್ ಜೊತೆಗೆ ನಿಮ್ಮ ಸಾಧನದಲ್ಲೇ ತಯಾರಾಗುವ ಇನ್ನೊಂದು ಉದ್ದನೆಯ 'ಸೀಕ್ರೆಟ್ ಕೀ' ಸೇರಿಕೊಳ್ಳುತ್ತದೆ. ಲಾಸ್ಟ್‌ಪಾಸ್ ಮಾದರಿಯ ಕಳವು ನಡೆದರೂ ಬರೀ ಪಾಸ್‌ವರ್ಡ್ ಊಹಿಸಿ ತಿಜೋರಿ ತೆರೆಯಲಾಗದು. ಆ ಕೀ ಇರುವ ಕಾಗದ ಕಳೆದು, ಫೋನೂ ಕಳೆದರೆ ನಿಮಗೂ ತೆರೆಯಲಾಗದು.

ಸ್ಥಳೀಯ ಕಂಪನಿಯೇ ಬೇಕು ಎನ್ನುವವರಿಗೆ ಚೆನ್ನೈನ ಜೊಹೊ ಇದೆ. 1996ರಲ್ಲಿ ಅಡ್ವೆಂಟ್‌ನೆಟ್ ಹೆಸರಲ್ಲಿ ಆರಂಭವಾದ ಕಂಪನಿಯ 'ಜೊಹೊ ವಾಲ್ಟ್' ವೈಯಕ್ತಿಕ ಬಳಕೆಗೆ ಉಚಿತ. ಮೂಲತಃ ಕಚೇರಿಗಳಿಗೆಂದು ಮಾಡಿದ್ದರಿಂದ ಮನೆಬಳಕೆಯವರಿಗೆ ಪರದೆಯಲ್ಲಿ ಬೇಡದ ಬಟನ್‌ಗಳು ಸ್ವಲ್ಪ ಹೆಚ್ಚೇ ಕಾಣುತ್ತವೆ. ಯಾರ ಕ್ಲೌಡೂ ಬೇಡ ಎನ್ನುವವರಿಗೆ 2003ರಿಂದ ಇರುವ ಕೀಪಾಸ್ ಮತ್ತು ಅದರ ಬಳಗದ ಕೀಪಾಸ್‌ಎಕ್ಸ್‌ಸಿ, ಕೀಪಾಸ್‌ಡಿಎಕ್ಸ್ ಇವೆ. ಇಲ್ಲಿ ತಿಜೋರಿ ಎಂದರೆ ನಿಮ್ಮ ಕಂಪ್ಯೂಟರ್‌ನಲ್ಲಿರುವ ಒಂದು ಫೈಲ್ ಅಷ್ಟೇ. ಬ್ಯಾಕಪ್ ನಿಮ್ಮದೇ ಹೊಣೆ. ಫೋನಿನ ಫೋಟೊಗಳನ್ನೇ ಒಮ್ಮೆಯೂ ಬ್ಯಾಕಪ್ ಮಾಡದವರು ಇದರ ಕಡೆ ಹೋಗದಿರುವುದು ಕ್ಷೇಮ.

'ಉಚಿತ' ಎಂಬುದು ಶಾಶ್ವತವಲ್ಲ ಎಂಬುದೂ ಗೊತ್ತಿರಲಿ. ಲಾಸ್ಟ್‌ಪಾಸ್ 2021ರ ಮಾರ್ಚ್‌ನಲ್ಲಿ ಉಚಿತ ಗ್ರಾಹಕರು ಫೋನ್ ಅಥವಾ ಕಂಪ್ಯೂಟರ್, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದಿತು. ಮೈಕ್ರೋಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನು 2025ರ ಆಗಸ್ಟ್‌ನಿಂದ ಅಲ್ಲಿ ಸಿಗದಂತೆ ಮಾಡಿತು. ಸೂಚನೆ ಓದದವರು ಪರದಾಡಿದರು. ಹಾಗಾಗಿ ಸೇರುವ ಮೊದಲೇ ಹೊರಬರುವ ದಾರಿ ನೋಡಿ. ಎಲ್ಲ ಪಾಸ್‌ವರ್ಡ್‌ಗಳನ್ನು 'ಎಕ್ಸ್‌ಪೋರ್ಟ್' ಮಾಡಿಕೊಳ್ಳುವ ಅವಕಾಶ ಇಲ್ಲದ ಆ್ಯಪ್ ಎಷ್ಟೇ ಚೆಂದವಿದ್ದರೂ ಬೇಡ.

ಆಫೀಸ್ ಲ್ಯಾಪ್‌ಟಾಪ್ ನಿಮ್ಮದಲ್ಲ

ಅಂಬತ್ತೂರಿನಲ್ಲಿ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಇರುವ ಹಲವರ ಬಳಿ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಆಫೀಸಿನದ್ದೇ ಎಲ್ಲಕ್ಕೂ. ಕಂಪನಿ ಕೊಟ್ಟ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೇ ಸ್ವಂತ ಬ್ಯಾಂಕಿನದ್ದನ್ನೂ ಹಾಕಿಟ್ಟರೆ, ಕೆಲಸ ಬಿಟ್ಟ ದಿನ ಸಂಜೆಯೇ ಆ ತಿಜೋರಿ ಮುಚ್ಚಿಕೊಳ್ಳುತ್ತದೆ. ವಜಾ ಮಾಡಿದ ದಿನವಾದರೆ ಸಂಜೆಯವರೆಗೂ ಸಮಯ ಸಿಗದಿರಬಹುದು.

ಇದರ ತಿರುಗುಮುರುಗೂ ಅಪಾಯವೇ. 2023ರಲ್ಲಿ ಅಮೆರಿಕದ ಓಕ್ಟಾ ಕಂಪನಿಯ ಗ್ರಾಹಕ ಸಹಾಯ ವ್ಯವಸ್ಥೆಗೆ ನುಸುಳುಕೋರರು ಬಂದರು. ಓಕ್ಟಾದ ವ್ಯವಹಾರವೇ ಬೇರೆ ಕಂಪನಿಗಳ ಲಾಗಿನ್ ಕಾಯುವುದು. ಉದ್ಯೋಗಿಯೊಬ್ಬರು ಆಫೀಸ್ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ತಮ್ಮ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರು, ಕಂಪನಿಯ ಒಂದು ಖಾತೆಯ ಪಾಸ್‌ವರ್ಡ್ ಆ ಸ್ವಂತ ಖಾತೆಯಲ್ಲಿ ಉಳಿದುಕೊಂಡಿತ್ತು ಎಂದು ಕಂಪನಿ ತನಿಖೆಯ ಬಳಿಕ ಹೇಳಿತು. ಆಫೀಸಿನದು ಆಫೀಸಿನ ತಿಜೋರಿಯಲ್ಲಿ, ಸ್ವಂತದ್ದು ಸ್ವಂತ ಫೋನಿನಲ್ಲಿ. ಆಫೀಸ್ ಕಂಪ್ಯೂಟರ್‌ನಲ್ಲಿ ಅಪರೂಪಕ್ಕೆ ಬೇಕಾದರೆ ಫೋನ್ ನೋಡಿಕೊಂಡು ಟೈಪ್ ಮಾಡಿ. ಬ್ರೌಸಿಂಗ್ ಸೆಂಟರ್‌ನಲ್ಲಂತೂ ತಿಜೋರಿ ತೆರೆಯಲೇಬಾರದು.

ಬ್ಯಾಂಕ್ ವಿಳಾಸ ಬದಲಾಗಿದೆ, ಗಮನಿಸಿದ್ದೀರಾ?

ಪಾಸ್‌ವರ್ಡ್ ಮ್ಯಾನೇಜರ್ ಮಾಡುವ ಉಪಕಾರದಲ್ಲಿ ಹೆಚ್ಚು ಜನ ಗಮನಿಸದ್ದು ನಕಲಿ ಸೈಟ್ ಹಿಡಿಯುವುದು. ಬ್ಯಾಂಕಿನ ಹೆಸರಲ್ಲಿ ಬಂದ ಲಿಂಕ್ ಒತ್ತಿದರೆ ಅಸಲಿಯಂತೆಯೇ ಕಾಣುವ ಪುಟ ತೆರೆಯುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಮ್ಯಾನೇಜರ್ ನೋಡುವುದು ಪುಟದ ಅಂದವನ್ನಲ್ಲ, ವೆಬ್ ವಿಳಾಸವನ್ನು. ಒಂದಕ್ಷರ ಬೇರೆಯಾದರೂ ಅದು ಪಾಸ್‌ವರ್ಡ್ ಮುಂದಿಡುವುದಿಲ್ಲ. 'ಇವತ್ತು ಯಾಕೋ ತಾನಾಗಿ ತುಂಬುತ್ತಿಲ್ಲ' ಎನಿಸಿದರೆ ಅದೇ ಎಚ್ಚರಿಕೆಯ ಗಂಟೆ.

ಭಾರತದಲ್ಲಿ ಇದಕ್ಕೊಂದು ಗೊಂದಲ ಸೇರಿಕೊಂಡಿದೆ. ನಕಲಿ ಸೈಟ್‌ಗಳ ಹಾವಳಿ ತಡೆಯಲು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಲು ಹೇಳಿತ್ತು. ಈ ವಿಳಾಸ ಕೊಡುವ ಅಧಿಕಾರ ಹೈದರಾಬಾದ್‌ನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇರುವುದರಿಂದ ಕಂಡಕಂಡವರಿಗೆ ಸಿಗದು. ಒಳ್ಳೆಯ ಕ್ರಮ. ಆದರೆ ಹಳೆಯ ವಿಳಾಸದೊಂದಿಗೆ ಪಾಸ್‌ವರ್ಡ್ ಉಳಿಸಿದ್ದವರ ಮ್ಯಾನೇಜರ್ ಅಸಲಿ ಬ್ಯಾಂಕಿನಲ್ಲೂ ಸುಮ್ಮನಾಗಬಹುದು. ಆಗ ಲಿಂಕ್ ಹುಡುಕಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಕೊನೆ ಸರಿಯಿದೆಯೇ ನೋಡಿ, ತಿಜೋರಿಯಲ್ಲಿನ ಹಳೆಯ ವಿಳಾಸವನ್ನು ತಿದ್ದಿ. ಅನುಮಾನವಿದ್ದರೆ ಶಾಖೆಯಲ್ಲಿ ಕೇಳಿ.

ಮ್ಯಾನೇಜರ್‌ನಿಂದ ಆಗದ ಕೆಲಸವೂ ಇದೆ. ಫೋನ್ ಮಾಡಿ ಒಟಿಪಿ ಕೇಳಿದವರಿಗೆ ನೀವೇ ಹೇಳಿದರೆ ಅದು ತಡೆಯದು. ಯುಪಿಐ ಪಿನ್ ಅನ್ನು ಅದು ತುಂಬುವುದಿಲ್ಲ, ಎನ್‌ಪಿಸಿಐನ ಪ್ರತ್ಯೇಕ ಪರದೆಯಲ್ಲಿ ನೀವೇ ಒತ್ತಬೇಕು. ಯುಪಿಐ ಮತ್ತು ಎಟಿಎಂ ಪಿನ್‌ಗಳನ್ನು ತಲೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ತಮ್ಮನಿಗೋ ಗೆಳೆಯನಿಗೋ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕೊಡುವ ಮುನ್ನ ಇನ್ನೊಂದು ವಿಷಯ: ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕರು ತಾವೇ ವಿವರ ಹಂಚಿಕೊಂಡು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಬೇಕು. ತಮಿಳುನಾಡಿನಲ್ಲಿದ್ದರೂ ಕರ್ನಾಟಕದಲ್ಲಿದ್ದರೂ ನಂಬರ್ ಅದೇ.

ನೀರು ನುಗ್ಗಿದ ದಿನ

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿತು. ಅಂಬತ್ತೂರು ಕೈಗಾರಿಕಾ ಎಸ್ಟೇಟ್‌ಗೂ ನೀರು ನುಗ್ಗಿ ಯಂತ್ರಗಳು ಹಾಳಾದವು. ನಗರದ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮೊಬೈಲ್ ಸಿಗ್ನಲ್ ಇರಲಿಲ್ಲ. ಅಂಥ ಹೊತ್ತಿಗೆ ನಿಮ್ಮ ತಿಜೋರಿ ತೆರೆಯುತ್ತದೆಯೇ? ಈಗಲೇ ನೋಡಬಹುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆ್ಯಪ್ ತೆರೆಯಿರಿ. ಬಿಟ್‌ವಾರ್ಡನ್‌ನಂಥವುಗಳಲ್ಲಿ ಖಾತೆಯಿಂದ ಲಾಗ್ ಔಟ್ ಆಗದೆ ಬರೀ ಲಾಕ್ ಮಾಡಿದ್ದರೆ ಇಂಟರ್ನೆಟ್ ಇಲ್ಲದೆಯೂ ಪಾಸ್‌ವರ್ಡ್ ನೋಡಬಹುದು. ಲಾಗ್ ಔಟ್ ಆಗಿದ್ದರೆ ಇಲ್ಲ. ಸೆಟ್ಟಿಂಗ್‌ನಲ್ಲಿ ಈ ಎರಡು ಪದಗಳ ವ್ಯತ್ಯಾಸ ಗಮನಿಸಿ.

ಫೋನೇ ನೀರುಪಾಲಾದರೆ? ಹೊಸ ಫೋನಿನಲ್ಲಿ ತಿಜೋರಿ ತೆರೆಯಲು ಮಾಸ್ಟರ್ ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ಕೋಡ್ ಬೇಕು. ಆ ಕೋಡ್ ಬರುವುದೂ ಮುಳುಗಿದ ಫೋನಿಗೇ ಆದರೆ ಬಾಗಿಲು ಎರಡೂ ಕಡೆಯಿಂದ ಮುಚ್ಚಿದಂತೆ. ಹಲವು ಮ್ಯಾನೇಜರ್‌ಗಳು ಇದಕ್ಕಾಗಿ ಒಂದು ರಿಕವರಿ ಕೋಡ್ ಕೊಡುತ್ತವೆ. ಅದನ್ನೂ ಮಾಸ್ಟರ್ ಪಾಸ್‌ವರ್ಡನ್ನೂ ಕಾಗದದಲ್ಲಿ ಬರೆದು ಊರಿನ ಮನೆಯ ಬೀರುವಿನಲ್ಲಿ, ಆಸ್ತಿಪತ್ರದ ಜೊತೆ ಇಡಿ. ಕಾಗದದಲ್ಲಿ ಬರೆಯಬಾರದು ಎಂಬ ಹಳೆಯ ಮಾತು ಮಾನಿಟರ್‌ಗೆ ಅಂಟಿಸುವ ಚೀಟಿಗೆ ಸರಿ. ಮಂಡ್ಯದ ಮನೆಯ ಬೀರುವಿಗೆ ವಿದೇಶದ ಹ್ಯಾಕರ್ ಬರುವುದಿಲ್ಲ.

ಸಿಮ್ ವಿಷಯವೂ ಇಲ್ಲೇ ಬರುತ್ತದೆ. ಚೆನ್ನೈಗೆ ಬಂದ ಕೂಡಲೇ ಹೊಸ ನಂಬರ್ ತೆಗೆದುಕೊಂಡು ಊರಿನದ್ದನ್ನು ರೀಚಾರ್ಜ್ ಮಾಡದೆ ಬಿಡುವವರಿದ್ದಾರೆ. 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟ ನಂಬರ್ ಹೋಗಬಹುದು, ಕೆಲಕಾಲದ ನಂತರ ಬೇರೆಯವರಿಗೆ ಸಿಗಬಹುದು. ನಿಮ್ಮ ಒಟಿಪಿಗಳು ಅವರಿಗೆ ಹೋಗುತ್ತವೆ. 2015ರ ಜುಲೈನಿಂದ ದೇಶದ ಯಾವ ರಾಜ್ಯಕ್ಕೆ ಹೋದರೂ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ ಅವಕಾಶವಿದೆ. ಬ್ಯಾಂಕಿಗೆ, ಇಮೇಲ್‌ಗೆ ಕೊಟ್ಟ ನಂಬರ್ ಬದಲಿಸದಿರುವುದೇ ಅಗ್ಗದ ಭದ್ರತೆ.

ಮನೆಯವರಿಗೆ ದಾರಿ ಇರಲಿ

ಎಲ್ಲರ ಪಾಸ್‌ವರ್ಡ್ ನೋಡಿಕೊಳ್ಳುತ್ತಿದ್ದ ಮಗನಿಗೋ ಮಗಳಿಗೋ ಅಪಘಾತವಾಗಿ ಆಸ್ಪತ್ರೆ ಸೇರಿದರೆ ಅಪ್ಪನ ಪಿಂಚಣಿ ಖಾತೆಯ ಗತಿಯೇನು? ಬಿಟ್‌ವಾರ್ಡನ್‌ನ ಹಣ ಕೊಡುವ ಯೋಜನೆಯಲ್ಲಿ 'ಎಮರ್ಜೆನ್ಸಿ ಆ್ಯಕ್ಸೆಸ್' ಇದೆ. ನೀವು ನಂಬಿದವರು ಮನವಿ ಕಳಿಸಿದರೆ, ನೀವು ನಿಗದಿ ಮಾಡಿದಷ್ಟು ದಿನ ಕಾದು, ನೀವು ನಿರಾಕರಿಸದಿದ್ದರೆ ತಿಜೋರಿ ಅವರಿಗೆ ತೆರೆಯುತ್ತದೆ. ಗೂಗಲ್‌ನಲ್ಲಿ 'ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್', ಆ್ಯಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಎಂಬ ವ್ಯವಸ್ಥೆಗಳಿವೆ. ಆದರೆ ತೀರಿಕೊಂಡವರ ಖಾತೆಗೆ ಅವರ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗಿ ಹಣ ತೆಗೆಯುವುದು ಸರಿಯಾದ ದಾರಿಯಲ್ಲ. ಅದಕ್ಕೆ ನಾಮಿನಿ ಹೆಸರು ಇರಬೇಕು. ಯಾವ ಬ್ಯಾಂಕಿನಲ್ಲಿ ಏನಿದೆ, ನಾಮಿನಿ ಯಾರು ಎಂಬ ಪಟ್ಟಿ ತಿಜೋರಿಯ ಟಿಪ್ಪಣಿಯಲ್ಲಿದ್ದರೆ ಮನೆಯವರಿಗೆ ಪಾಸ್‌ವರ್ಡ್‌ಗಿಂತ ಹೆಚ್ಚು ಉಪಯೋಗವಾದೀತು.

ಅಪ್ಪ-ಅಮ್ಮನ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟು ಚೆನ್ನೈಗೆ ರೈಲು ಹತ್ತಿದರೆ ಕೆಲಸ ಆಗದು. ಅವರಿಗೆ ಫೋನಿನಲ್ಲೇ ಇರುವುದು ಸಾಕು. ಪುಸ್ತಕದಲ್ಲಿ ಬರೆದಿಡುವ ಅಮ್ಮನ ಅಭ್ಯಾಸ, ಆ ಪುಸ್ತಕ ಮನೆಯಲ್ಲೇ ಇದ್ದು ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇದ್ದರೆ, ನಗುವಂಥದ್ದಲ್ಲ.

ಎಲ್ಲಿಂದ ಆರಂಭಿಸಬೇಕು?

ಒಂದೇ ದಿನ ನೂರು ಪಾಸ್‌ವರ್ಡ್ ಬದಲಿಸಲು ಕೂತವರು ಇಪ್ಪತ್ತಕ್ಕೆ ಸುಸ್ತಾಗಿ ಬಿಡುತ್ತಾರೆ. ಮೊದಲ ದಿನ ಇಮೇಲ್ ಒಂದನ್ನು ಬದಲಿಸಿ, ಏಕೆಂದರೆ ಮಿಕ್ಕ ಎಲ್ಲದರ 'ಮರೆತಿರಾ' ಲಿಂಕ್ ಬರುವುದು ಅಲ್ಲಿಗೆ. ಆ ವಾರದಲ್ಲಿ ಬ್ಯಾಂಕ್, ಆದಾಯ ತೆರಿಗೆ, ಪಿಎಫ್. ಉಳಿದದ್ದನ್ನು ಆಯಾ ಸೈಟ್‌ಗೆ ಹೋದಾಗ ಒಂದೊಂದಾಗಿ ಮಾಡಿಕೊಳ್ಳಬಹುದು. ಕೆಲವು ಬ್ಯಾಂಕ್ ಸೈಟ್‌ಗಳು ಪೇಸ್ಟ್ ಮಾಡಲು ಬಿಡುವುದಿಲ್ಲ, ಪರದೆಯ ಮೇಲಿನ ಕೀಬೋರ್ಡ್‌ನಲ್ಲೇ ಒತ್ತಿ ಎನ್ನುತ್ತವೆ. ಅಂಥ ಕಡೆ ಮ್ಯಾನೇಜರ್ ತಯಾರಿಸುವ 20 ಚಿಹ್ನೆಗಳ ಗೋಜಲಿಗಿಂತ ನಿಘಂಟಿನ ಮೂರು ಪದಕ್ಕೆ ಅಂಕಿ ಸೇರಿಸಿದ್ದು ಕೈಗೆ ಸುಲಭ. ಪಾಸ್‌ಕೀ ಕೊಡುವ ಸೈಟ್ ಇದ್ದರೆ ಅದನ್ನೇ ಆರಿಸಿ. ಅಲ್ಲಿ ಕದಿಯಲು ಪಾಸ್‌ವರ್ಡೇ ಇರುವುದಿಲ್ಲ.

ಒಂದು ಮ್ಯಾನೇಜರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಎಕ್ಸ್‌ಪೋರ್ಟ್ ಮಾಡಿದ ಸಿಎಸ್‌ವಿ ಫೈಲ್‌ನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲೇ ಇರುತ್ತವೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಹೊಸ ಆ್ಯಪ್‌ಗೆ ಸೇರಿಸಿ, ನಾಲ್ಕೈದು ಸೈಟ್ ತೆರೆದು ಸರಿಯಾಗಿದೆ ಎಂದು ಖಚಿತವಾದ ಮೇಲೆ ಡೌನ್‌ಲೋಡ್ಸ್ ಫೋಲ್ಡರ್‌ನಿಂದ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ತಾನಾಗಿ ಒಂದು ಪ್ರತಿ ಎತ್ತಿಟ್ಟುಕೊಂಡಿದೆಯೇ ಎಂದು ಅಲ್ಲಿಯೂ ನೋಡಿ.